ಬಿ.ಪಿ. ಪುಸ್ತಕದಲ್ಲಿ ಯಾವ ಸಂಖ್ಯೆ ಬರೆಯಬೇಕು?

ಪ್ರಶ್ನೆ: ನನಗೆ 58 ವರ್ಷ. ನಾಲ್ಕು ವರ್ಷಗಳಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮನೆಯಲ್ಲೇ ನೋಡಿ ಬರೆದು ತನ್ನಿ ಎಂದು ಡಾಕ್ಟರ್ ಹೇಳಿದ್ದಾರೆ. ಆದರೆ ಯಂತ್ರ ಒಂದೊಂದು ಸಲ ಒಂದೊಂದು ಸಂಖ್ಯೆ ತೋರಿಸುತ್ತದೆ. ಮೊನ್ನೆ ಬೆಳಿಗ್ಗೆ ಮೊದಲ ಸಲ 146/90 ಬಂತು, ಎರಡು ನಿಮಿಷ ಬಿಟ್ಟು ನೋಡಿದರೆ 138/86. ಸಂಜೆ 137/85, ಆಮೇಲೆ 131/83. ಕ್ಲಿನಿಕ್‌ಗೆ ಹೋದಾಗ ಮಾತ್ರ 150ರ ಮೇಲೆಯೇ ಇರುತ್ತದೆ. ಹೆಚ್ಚು ಬಂದರೆ ಗಾಬರಿಯಾಗಿ ಮತ್ತೆ ಮತ್ತೆ ನೋಡುತ್ತೇನೆ, ಕೊನೆಗೆ ಕಡಿಮೆ ಬಂದದ್ದನ್ನು ಬರೆದುಕೊಳ್ಳುತ್ತೇನೆ. ಇದು ಸರಿಯೇ? ಇವುಗಳಲ್ಲಿ ನನ್ನ ನಿಜವಾದ ಬಿ.ಪಿ. ಯಾವುದು?

ಉತ್ತರ: ನೀವು ನೋಡಿದ ನಾಲ್ಕೂ ನಿಮ್ಮ ನಿಜವಾದ ಬಿ.ಪಿ.ಯೇ. ಆದ್ದರಿಂದ ನಾಲ್ಕನ್ನೂ ಬರೆಯಬೇಕು. ಕಡಿಮೆ ಬಂದದ್ದನ್ನು ಮಾತ್ರ ಬರೆಯುವುದು ಸರಿಯಲ್ಲ. ಹಾಗೆ ಮಾಡುವವರು ನೀವೊಬ್ಬರೇ ಅಲ್ಲ. ರೋಗಿಗಳು ಪುಸ್ತಕದಲ್ಲಿ ಬರೆದದ್ದನ್ನು ಯಂತ್ರದ ಮೆಮೊರಿಯಲ್ಲಿ ಉಳಿದ ಸಂಖ್ಯೆಗಳ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ಎರಡೂ ಎಷ್ಟೋ ಕಡೆ ತಾಳೆಯಾಗಿಲ್ಲ. ಕೆಲವರು ಹೆಚ್ಚು ಬಂದದ್ದನ್ನು ಬಿಡುತ್ತಾರೆ, ಕೆಲವರು 137 ಬಂದರೆ 135 ಎಂದು ಸಲೀಸಾದ ಸಂಖ್ಯೆ ಬರೆಯುತ್ತಾರೆ, ಇನ್ನು ಕೆಲವರು ತಪಾಸಣೆಯ ಹಿಂದಿನ ರಾತ್ರಿ ಕುಳಿತು ಅಂದಾಜಿನಲ್ಲಿ ತುಂಬಿಸುತ್ತಾರೆ. ಯಾರಿಗೂ ಮೋಸ ಮಾಡುವ ಉದ್ದೇಶ ಇರುವುದಿಲ್ಲ. ಡಾಕ್ಟರ್ ಬೈದಾರು, ಮಾತ್ರೆ ಹೆಚ್ಚಿಸಿಯಾರು ಎಂಬ ಅಳುಕು ಅಷ್ಟೆ. ಆದರೆ ಆ ಪುಸ್ತಕವನ್ನು ನಂಬಿಯೇ ಡಾಕ್ಟರ್ ಮಾತ್ರೆಯ ಪ್ರಮಾಣ ತೀರ್ಮಾನಿಸುತ್ತಾರೆ.

ನೀವೇ ಕೊಟ್ಟ ಒಂದು ದಿನದ ಲೆಕ್ಕ ನೋಡೋಣ. ನಾಲ್ಕನ್ನೂ ಕೂಡಿಸಿ ಸರಾಸರಿ ತೆಗೆದರೆ 138/86 ಬರುತ್ತದೆ. ಬೆಳಿಗ್ಗೆಯದರಲ್ಲಿ ಕಡಿಮೆಯದು, ಸಂಜೆಯದರಲ್ಲಿ ಕಡಿಮೆಯದು ಎಂದು ಎರಡನ್ನೇ ಆರಿಸಿದರೆ ಸರಾಸರಿ 134.5/84.5. ವ್ಯತ್ಯಾಸ ಮೇಲಿನ ಸಂಖ್ಯೆಯಲ್ಲಿ ಮೂರೂವರೆ, ಕೆಳಗಿನದರಲ್ಲಿ ಒಂದೂವರೆ. ಸಣ್ಣದೆನಿಸುತ್ತದೆ. ಆದರೆ ಮನೆಯಲ್ಲಿ ನೋಡಿದ ಬಿ.ಪಿ.ಗೆ ಬಹಳಷ್ಟು ಮಾರ್ಗಸೂಚಿಗಳು ಇಟ್ಟಿರುವ ಗೆರೆ 135/85. ಮೊದಲ ಲೆಕ್ಕದಲ್ಲಿ ನೀವು ಗೆರೆಯ ಮೇಲಿದ್ದೀರಿ, ಎರಡನೆಯದರಲ್ಲಿ ಗೆರೆಯ ಕೆಳಗೆ. ಮೈಯೂ ಅದೇ, ದಿನವೂ ಅದೇ. ಮೊದಲನೆಯದನ್ನು ನೋಡಿದ ಡಾಕ್ಟರ್ ಚಿಕಿತ್ಸೆ ಬದಲಿಸುವ ಬಗ್ಗೆ ಯೋಚಿಸುತ್ತಾರೆ. ಎರಡನೆಯದನ್ನು ನೋಡಿದವರು "ಇದೇ ಮಾತ್ರೆ ಮುಂದುವರಿಸಿ, ಮೂರು ತಿಂಗಳು ಬಿಟ್ಟು ಬನ್ನಿ" ಎನ್ನಬಹುದು.

ಸಂಖ್ಯೆ ಇಷ್ಟೊಂದು ಏಕೆ ಹೊಯ್ದಾಡುತ್ತದೆ? ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ಒಂದು ಬಡಿತದ ಒತ್ತಡ ಇನ್ನೊಂದರಂತೆ ಇರುವುದಿಲ್ಲ. ಪ್ರತಿ ಉಸಿರಿನ ಜೊತೆಗೂ ಅದು ಏರಿಳಿಯುತ್ತದೆ. ಮಾತು, ನೋವು, ಚಳಿ, ಆಗಷ್ಟೇ ಹತ್ತಿದ ಮೆಟ್ಟಿಲು, ತುಂಬಿದ ಮೂತ್ರಕೋಶ, ಎಲ್ಲವೂ ಅದನ್ನು ಏರಿಸುತ್ತವೆ. ಹೆಚ್ಚಿನವರಲ್ಲಿ ನಿದ್ರೆಯಲ್ಲಿ ಅದು ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿದು, ಎಚ್ಚರವಾಗುವ ಹೊತ್ತಿಗೆ ಮತ್ತೆ ಏರುತ್ತದೆ. ಒಂದೇ ಕೂತಲ್ಲಿ ಎರಡು ಸಲ ನೋಡಿದಾಗ ಮೊದಲನೆಯದು ಹೆಚ್ಚಾಗಿರುವುದು ತೀರ ಸಾಮಾನ್ಯ. ತೋಳಿಗೆ ಕಟ್ಟಿದ ಯಂತ್ರದ ಪಟ್ಟಿ ಬಿಗಿಯುವಾಗ ದೇಹ ಸ್ವಲ್ಪ ಎಚ್ಚೆತ್ತುಕೊಳ್ಳುತ್ತದೆ, ಎರಡನೆಯ ಸಲಕ್ಕೆ ಅಷ್ಟು ಇರುವುದಿಲ್ಲ. ಹಾಗಾಗಿ 146 ಯಂತ್ರದ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಒಂದು ಸಲದ ಸಂಖ್ಯೆಯಿಂದ ಖುಷಿಪಡುವುದೂ ಬೇಡ, ಹೆದರುವುದೂ ಬೇಡ. ವೈದ್ಯರಾದ ನಮಗೆ ಬೇಕಾದದ್ದು ಒಂದು ವಾರದ ಸರಾಸರಿ.

ಕ್ಲಿನಿಕ್‌ನ 150ರ ಬಗ್ಗೆ. ಡಾಕ್ಟರ ಎದುರು ಬಿ.ಪಿ. ಏರಿ ಮನೆಯಲ್ಲಿ ಇಳಿಯುವುದು ಹೊಸದೇನಲ್ಲ. ವೈದ್ಯರು ಇದನ್ನು ಬಿಳಿಕೋಟಿನ ಪರಿಣಾಮ ಎನ್ನುತ್ತಾರೆ. ಮನೆಯ ಗೆರೆ 135/85 ಆಗಿರುವಾಗ ಕ್ಲಿನಿಕ್‌ನ ಗೆರೆ 140/90 ಆಗಿರುವುದಕ್ಕೂ ಇದೇ ಕಾರಣ. ಇದರ ತದ್ವಿರುದ್ಧವಾದದ್ದೂ ಒಂದಿದೆ, ನನಗೆ ಹೆಚ್ಚು ಚಿಂತೆ ಅದರದ್ದೇ. ಕ್ಲಿನಿಕ್‌ನಲ್ಲಿ 130, ಮನೆಯಲ್ಲಿ 145. ಇಂಥವರು "ನಿಮ್ಮದು ಚೆನ್ನಾಗಿದೆ" ಎಂದು ಕೇಳಿಸಿಕೊಂಡು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ, ಒಳಗೆ ಹೃದಯ, ಮೂತ್ರಪಿಂಡ, ಮೆದುಳಿನ ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತಲೇ ಇರುತ್ತದೆ. ಮನೆಯಲ್ಲಿ ನೋಡದೆ ಹೋದರೆ ಇದು ಗೊತ್ತಾಗುವುದೇ ಇಲ್ಲ.

ನಿಮ್ಮ ವಿಷಯದಲ್ಲಿ ಕ್ಲಿನಿಕ್ 150, ಮನೆ 138. ಮನೆಯದು ಕಡಿಮೆಯೇ, ಆದರೂ ಗೆರೆಯ ಮೇಲಿದೆ. ಹಾಗಾಗಿ "ಇದೆಲ್ಲ ಬರೀ ಆಸ್ಪತ್ರೆಯ ಭಯ" ಎಂದು ಪೂರ್ತಿ ತಳ್ಳಿಹಾಕುವಂತಿಲ್ಲ. 135/85 ಎಂಬುದು ಕಾಯಿಲೆಯನ್ನು ಗುರುತಿಸುವ ಗೆರೆ ಎಂಬುದೂ ನೆನಪಿರಲಿ. ಚಿಕಿತ್ಸೆಯಲ್ಲಿರುವವರ ಗುರಿ ಅದಕ್ಕಿಂತ ಕೆಳಗಿರುವುದುಂಟು. ಯುರೋಪಿನ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ, ದೇಹ ತಡೆದುಕೊಂಡರೆ ಮೇಲಿನ ಸಂಖ್ಯೆಯನ್ನು 120ರಿಂದ 129ರೊಳಗೆ ತರಬೇಕೆನ್ನುತ್ತದೆ. ವಯಸ್ಸಾಗಿ ನಿಂತಾಗ ತಲೆ ಸುತ್ತುವವರಿಗೆ, ಬೇರೆ ಕಾಯಿಲೆಗಳಿರುವವರಿಗೆ ಈ ಗುರಿ ಸಡಿಲವಾಗಬಹುದು. ನಿಮ್ಮ ಗುರಿ ಎಷ್ಟು ಎಂದು ಡಾಕ್ಟರನ್ನೇ ಕೇಳಿ, ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಗುರಿ ತಿಳಿಯದೆ ವರ್ಷಗಟ್ಟಲೆ ಬಿ.ಪಿ. ಬರೆಯುವವರು ಬಹಳ ಮಂದಿ ಇದ್ದಾರೆ.

ಇನ್ನು ನೋಡುವ ಕ್ರಮ. ತಪಾಸಣೆಗೆ ಹೋಗುವ ಮುಂಚಿನ ಏಳು ದಿನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಎರಡರ ನಡುವೆ ಒಂದೆರಡು ನಿಮಿಷದ ಅಂತರ. ಮೊದಲ ದಿನದ್ದನ್ನು ಬರೆಯಿರಿ, ಆದರೆ ಸರಾಸರಿಗೆ ಸೇರಿಸಬೇಡಿ, ಅಂದು ಸಂಖ್ಯೆಗಳು ಸಾಮಾನ್ಯವಾಗಿ ಹೆಚ್ಚಿರುತ್ತವೆ. ಉಳಿದ ಆರು ದಿನಗಳ ಇಪ್ಪತ್ತನಾಲ್ಕು ಸಂಖ್ಯೆಗಳ ಸರಾಸರಿಯೇ ನಿಮ್ಮ ಮನೆಯ ಬಿ.ಪಿ. ಏಳು ದಿನ ಆಗದಿದ್ದರೆ ನಾಲ್ಕು ದಿನವಾದರೂ ನೋಡಿ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೂ ಮಾತ್ರೆಗೂ ಮುಂಚೆ ನೋಡಬೇಕು. ಮಾತ್ರೆಗೆ ಮುಂಚೆ ಏಕೆಂದರೆ, ಹಿಂದಿನ ದಿನ ನುಂಗಿದ ಮಾತ್ರೆ ಇಪ್ಪತ್ತನಾಲ್ಕು ಗಂಟೆ ಪೂರ್ತಿ ಕೆಲಸ ಮಾಡಿತೇ ಎಂಬುದು ತಿಳಿಯುವುದು ಆಗಲೇ. ಮಾತ್ರೆ ತೆಗೆದುಕೊಂಡು ಎರಡು ಗಂಟೆ ಬಿಟ್ಟು ನೋಡಿದರೆ ಒಳ್ಳೆಯ ಸಂಖ್ಯೆ ಬರಬಹುದು, ಆದರೆ ಬೆಳಗಿನ ಜಾವ ಏನಾಗುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ.

ನೋಡುವ ಮುಂಚಿನ ಅರ್ಧ ಗಂಟೆ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ಫೋನ್ ನೋಡುವುದು, ಪಕ್ಕದವರ ಜೊತೆ ಮಾತಾಡುವುದು ಬೇಡ, ಮಾತೊಂದೇ ಮೇಲಿನ ಸಂಖ್ಯೆಯನ್ನು ಹತ್ತರಷ್ಟು ಏರಿಸಬಲ್ಲದು. ಅಂಗಿಯ ತೋಳಿನ ಮೇಲೆ ಪಟ್ಟಿ ಕಟ್ಟಬಾರದು, ಬಿಗಿಯಾದ ತೋಳನ್ನು ಮೇಲಕ್ಕೆ ಮಡಚಿ ಅದರ ಕೆಳಗೂ ಕಟ್ಟಬಾರದು. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳಷ್ಟು ಮೇಲಿರಲಿ.

ಕೈ ಎಲ್ಲಿರಬೇಕು ಎಂಬುದನ್ನು ಆಸ್ಪತ್ರೆಗಳಲ್ಲೂ ಕಡೆಗಣಿಸುತ್ತಾರೆ. ಕೈಯನ್ನು ಮೇಜಿನ ಮೇಲೆ ಇಟ್ಟು, ಪಟ್ಟಿಯ ನಡುಭಾಗ ಹೃದಯದ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ. ತೋಳು ಹೃದಯಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೆ, ಅಷ್ಟು ಎತ್ತರದ ರಕ್ತದ ಭಾರವೂ ಸೇರಿ ಸಂಖ್ಯೆ ಏಳೆಂಟರಷ್ಟು ಹೆಚ್ಚುತ್ತದೆ. ಇದು ಬರೀ ಭೌತಶಾಸ್ತ್ರ, ಯಾವ ದುಬಾರಿ ಯಂತ್ರವೂ ಇದನ್ನು ತಪ್ಪಿಸಲಾರದು. 2024ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕೈಯನ್ನು ಮೇಜಿನ ಬದಲು ತೊಡೆಯ ಮೇಲೆ ಇಟ್ಟಾಗ ಮೇಲಿನ ಸಂಖ್ಯೆ ಸುಮಾರು 4ರಷ್ಟು, ಪಕ್ಕಕ್ಕೆ ಜೋತು ಬಿಟ್ಟಾಗ ಸುಮಾರು 6.5ರಷ್ಟು ಹೆಚ್ಚು ಬಂತು. ಒಂದು ಮಾತ್ರೆ ಇಳಿಸುವ ಬಿ.ಪಿ.ಗೆ ಇದು ಬಹಳ ಹತ್ತಿರದ ಮೊತ್ತ. ಅಂದರೆ ಕೈ ಇಟ್ಟ ಜಾಗ ಸರಿಯಿಲ್ಲದ ಕಾರಣಕ್ಕೇ ಒಬ್ಬರಿಗೆ ಇನ್ನೊಂದು ಮಾತ್ರೆ ಸೇರಿಬಿಡಬಹುದು.

ಪಟ್ಟಿಯ ಅಳತೆಯದು ಇದಕ್ಕಿಂತ ದೊಡ್ಡ ತಪ್ಪು. ದರ್ಜಿಯ ಟೇಪು ತೆಗೆದುಕೊಂಡು ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ನೋಡಿ. ಪಟ್ಟಿಯ ಮೇಲೆ ಅದು ಎಷ್ಟರಿಂದ ಎಷ್ಟು ಸೆಂಟಿಮೀಟರ್ ತೋಳಿಗೆ ಆಗುತ್ತದೆ ಎಂದು ಮುದ್ರಿಸಿರುತ್ತಾರೆ. ನಿಮ್ಮ ಅಳತೆ ಅದರೊಳಗೆ ಇರಲೇಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿ.ಪಿ. ಸುಳ್ಳೇ ಹೆಚ್ಚು ತೋರಿಸುತ್ತದೆ. 2023ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕದ ಅಧ್ಯಯನದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಸಾಮಾನ್ಯ ಪಟ್ಟಿ ಕಟ್ಟಿ ನೋಡಿದಾಗ ಮೇಲಿನ ಸಂಖ್ಯೆ ಸರಾಸರಿ 20ರ ಹತ್ತಿರ ಹೆಚ್ಚು ಬಂತು. 125 ಇದ್ದವರು 145 ಆಗಿಬಿಟ್ಟರು ಎಂದುಕೊಳ್ಳಿ. ಸಣ್ಣ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಇದರ ಉಲ್ಟಾ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಯಂತ್ರದ ಜೊತೆ ಬಂದ ಪಟ್ಟಿ ನಿಮ್ಮ ತೋಳಿಗೆ ಆಗದಿದ್ದರೆ ಅದೇ ಕಂಪನಿಯ, ಅದೇ ಮಾದರಿಗೆ ಹೊಂದುವ ಬೇರೆ ಅಳತೆಯ ಪಟ್ಟಿ ತರಿಸಿಕೊಳ್ಳಿ. ಈ ಖರ್ಚಿನಲ್ಲಿ ಉಳಿತಾಯ ಮಾಡಬೇಡಿ.

ಯಾವ ಕೈ? ಮೊದಲ ಸಲ ಎರಡೂ ಕೈಯಲ್ಲಿ ನೋಡಿ. ಮತ್ತೆ ಮತ್ತೆ ನೋಡಿದರೂ ಒಂದು ಕೈಯಲ್ಲಿ ಹತ್ತಕ್ಕಿಂತ ಹೆಚ್ಚು ಬರುತ್ತಿದ್ದರೆ ಆ ಹೆಚ್ಚಿನ ಕೈಯಲ್ಲೇ ಮುಂದುವರಿಸಿ. ವ್ಯತ್ಯಾಸ ಹದಿನೈದು, ಇಪ್ಪತ್ತು ಇದ್ದರೆ ಡಾಕ್ಟರಿಗೆ ತಿಳಿಸಿ, ಅದು ಕೈಗೆ ಹೋಗುವ ರಕ್ತನಾಳ ಕಿರಿದಾದದ್ದರ ಸೂಚನೆ ಆಗಿರಬಹುದು.

ಯಂತ್ರದ ಬಗ್ಗೆಯೂ ಸ್ವಲ್ಪ ಹೇಳಬೇಕು. ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು ಕೇಳುವುದು 1905ರಲ್ಲಿ ರಷ್ಯದ ವೈದ್ಯ ನಿಕೊಲಾಯ್ ಕೊರೊಟ್ಕೊವ್ ವಿವರಿಸಿದ ಶಬ್ದಗಳನ್ನು. ಮನೆಯ ಯಂತ್ರ ಶಬ್ದ ಕೇಳುವುದಿಲ್ಲ. ಪಟ್ಟಿಯ ಗಾಳಿ ಇಳಿಯುವಾಗ ರಕ್ತನಾಳದ ಮಿಡಿತದಿಂದ ಅದರಲ್ಲಿ ಏಳುವ ಸಣ್ಣ ಕಂಪನಗಳನ್ನು ಅಳೆದು, ತನ್ನೊಳಗಿನ ಸೂತ್ರದಿಂದ ಮೇಲಿನ, ಕೆಳಗಿನ ಸಂಖ್ಯೆಗಳನ್ನು ಲೆಕ್ಕ ಹಾಕುತ್ತದೆ. ಆ ಸೂತ್ರ ಒಂದೊಂದು ಕಂಪನಿಯದು ಒಂದೊಂದು. ಆದ್ದರಿಂದಲೇ ನಿಮ್ಮ ಮಾದರಿಯನ್ನು ನಿಜವಾದ ಜನರ ಮೇಲೆ, ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದ್ದಾರೆಯೇ ಎಂಬುದು ಮುಖ್ಯ. ಹಾಗೆ ಪರೀಕ್ಷೆಯಾದ ಮಾದರಿಗಳ ಪಟ್ಟಿಯನ್ನು ಸ್ಟ್ರೈಡ್ ಬಿಪಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟಿದೆ. ತೋಳಿಗೆ ಕಟ್ಟುವ ಯಂತ್ರವೇ ಇರಲಿ. ಮಣಿಕಟ್ಟಿನದು ಕೈ ಇಟ್ಟ ಎತ್ತರಕ್ಕೆ ತಕ್ಕಂತೆ ಬದಲಾಗಿಬಿಡುತ್ತದೆ. ಪಟ್ಟಿಯಿಲ್ಲದೆ ಬಿ.ಪಿ. ಹೇಳುವ ಕೈಗಡಿಯಾರ, ಉಂಗುರಗಳನ್ನು ನಂಬಿ ಮಾತ್ರೆ ಬದಲಿಸುವ ಕಾಲ ಇನ್ನೂ ಬಂದಿಲ್ಲ. ನಾಡಿ ಏರುಪೇರಾಗಿ ಬಡಿಯುವ ಏಟ್ರಿಯಲ್ ಫಿಬ್ರಿಲೇಶನ್ ಇರುವವರಲ್ಲಿ ಯಂತ್ರದ ಲೆಕ್ಕ ಅಷ್ಟು ಖಚಿತವಲ್ಲ, ಅವರು ಒಂದು ಹೊತ್ತಿಗೆ ಮೂರು ಸಲ ನೋಡಬೇಕು. ಗರ್ಭಿಣಿಯರಿಗೆ ಗರ್ಭಿಣಿಯರಲ್ಲೇ ಪರೀಕ್ಷಿಸಿದ ಮಾದರಿ ಬೇಕು.

ಈಗ ಡಾಕ್ಟರಿಗೆ ಏನು ಕೊಡಬೇಕು ಎಂಬುದು. ಯಂತ್ರದ ಪರದೆಯ ನಲವತ್ತು ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದರೆ ಯಾವ ಡಾಕ್ಟರಿಗೂ ಕೂಡಿಸಿ ನೋಡುವಷ್ಟು ಸಮಯ ಇರುವುದಿಲ್ಲ. ಒಂದೇ ಹಾಳೆ ಸಾಕು. ಮೇಲ್ಗಡೆ ಸರಾಸರಿ ಮತ್ತು ಎಷ್ಟು ಸಲ ನೋಡಿದ್ದರ ಸರಾಸರಿ ಎಂಬುದು. ಬೆಳಗಿನ ಸರಾಸರಿ, ಸಂಜೆಯ ಸರಾಸರಿ ಬೇರೆ ಬೇರೆ ಬರೆದರೆ ಇನ್ನೂ ಒಳ್ಳೆಯದು. ಬೆಳಗಿನದು ಮಾತ್ರ ಏರಿದ್ದರೆ ಮಾತ್ರೆಯ ಹೊತ್ತನ್ನೋ ಬಗೆಯನ್ನೋ ಬದಲಿಸಿದರೆ ಸಾಕಾಗಬಹುದು. ಅದರ ಕೆಳಗೆ ದಿನಾಂಕ, ಗಂಟೆ, ಯಾವ ಕೈ, ಎರಡು ಸಂಖ್ಯೆ, ನಾಡಿಬಡಿತ, ಒಂದೂ ಬಿಡದಂತೆ, ಯಂತ್ರ ತೋರಿಸಿದಂತೆಯೇ. 137 ಇದ್ದರೆ 137.

ಪಕ್ಕದಲ್ಲಿ ಒಂದು ಖಾಲಿ ಸಾಲು ಬಿಡಿ. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಹೆಚ್ಚು ಬೆಲೆಬಾಳುವುದು ಆ ಸಾಲೇ. "ನಿನ್ನೆ ಮಾತ್ರೆ ಮರೆತೆ", "ರಾತ್ರಿ ನಿದ್ದೆ ಇಲ್ಲ", "ಮಂಡಿನೋವಿಗೆ ಮಾತ್ರೆ ತೆಗೆದುಕೊಂಡೆ", "ಎದ್ದಾಗ ತಲೆ ಸುತ್ತಿತು". ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು, ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಕೆಲವು ಶೀತದ ಮಾತ್ರೆಗಳು, ಸ್ಟೆರಾಯ್ಡ್‌ಗಳು, ಕೆಲವು ಗರ್ಭನಿರೋಧಕ ಮಾತ್ರೆಗಳು ಬಿ.ಪಿ. ಏರಿಸುತ್ತವೆ. ಮಾತ್ರೆ ತಪ್ಪಿದ್ದನ್ನು ಮುಚ್ಚಿಡಬೇಡಿ. ಮಾತ್ರೆ ಸಾಕಾಗುತ್ತಿಲ್ಲವೋ, ಮಾತ್ರೆ ಹೊಟ್ಟೆಗೇ ಹೋಗುತ್ತಿಲ್ಲವೋ ಎಂಬುದು ಡಾಕ್ಟರಿಗೆ ಬೇರೆ ದಾರಿಯಿಂದ ತಿಳಿಯುವುದಿಲ್ಲ. ತಿಳಿಯದಿದ್ದರೆ ಪ್ರಮಾಣ ಏರಿಸುತ್ತಾರೆ, ಆಮೇಲೆ ನೀವು ಒಂದು ವಾರ ಸರಿಯಾಗಿ ತೆಗೆದುಕೊಂಡರೆ ಬಿ.ಪಿ. ದಿಢೀರನೆ ಇಳಿದು ಬೀಳುವ ಅಪಾಯವಿದೆ.

ಯಂತ್ರದಲ್ಲಿ ಮೆಮೊರಿ ಇದ್ದರೆ ದಿನಾಂಕ, ಗಂಟೆ ಸರಿಯಾಗಿ ಹೊಂದಿಸಿಡಿ. ಮನೆಯಲ್ಲಿ ಇನ್ನೊಬ್ಬರೂ ಅದನ್ನೇ ಬಳಸಿದರೆ ಅವರ ಸಂಖ್ಯೆ ನಿಮ್ಮದರಲ್ಲಿ ಸೇರದಂತೆ ಎಚ್ಚರ ವಹಿಸಿ. ವರ್ಷಕ್ಕೊಮ್ಮೆ ಯಂತ್ರವನ್ನೇ ಕ್ಲಿನಿಕ್‌ಗೆ ಒಯ್ದು, ಅದೇ ಕೈಯಲ್ಲಿ, ಅಲ್ಲಿನ ಉಪಕರಣದಿಂದ ಒಮ್ಮೆ ನಿಮ್ಮದರಿಂದ ಒಮ್ಮೆ ಎಂದು ಬದಲಿಸಿ ನೋಡಿಸಿ. ವ್ಯತ್ಯಾಸ ಐದರೊಳಗಿದ್ದರೆ ನೆಮ್ಮದಿ. ಹತ್ತಕ್ಕಿಂತ ಹೆಚ್ಚಿದ್ದರೆ ಬೇರೆ ಯಂತ್ರ ಬೇಕು.

ಇಷ್ಟೆಲ್ಲ ಕಷ್ಟಪಟ್ಟು ಬರೆದದ್ದರಿಂದ ಪ್ರಯೋಜನ ಇದೆಯೇ ಎಂದರೆ, ಇದೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದಲ್ಲಿ 1,182 ರೋಗಿಗಳಿದ್ದರು. ಮನೆಯ ಸಂಖ್ಯೆ ನೋಡಿ ವೈದ್ಯರು ಮಾತ್ರೆ ಹೊಂದಿಸಿದವರಲ್ಲಿ ಒಂದು ವರ್ಷದ ನಂತರ ಮೇಲಿನ ಸಂಖ್ಯೆ, ಕ್ಲಿನಿಕ್‌ನ ಸಂಖ್ಯೆ ನೋಡಿ ಹೊಂದಿಸಿದವರಿಗಿಂತ ಕಡಿಮೆಯಾಗಿತ್ತು. ಗಮನಿಸಿ, ಮನೆಯಲ್ಲಿ ನೋಡಿದ ಮಾತ್ರಕ್ಕೆ ಬಿ.ಪಿ. ಇಳಿಯುವುದಿಲ್ಲ. ನೋಡಿದ್ದು ಡಾಕ್ಟರಿಗೆ ತಲುಪಿ, ಅವರು ಅದನ್ನು ಆಧರಿಸಿ ಚಿಕಿತ್ಸೆ ಬದಲಿಸಿದಾಗ ಇಳಿಯುತ್ತದೆ.

ಹೆಚ್ಚು ಬಂದಾಗ ಮತ್ತೆ ಮತ್ತೆ ನೋಡುವ ಅಭ್ಯಾಸವನ್ನು ಬಿಡಲೇಬೇಕು. ಗಾಬರಿ ಬಿ.ಪಿ. ಏರಿಸುತ್ತದೆ, ಏರಿದ್ದನ್ನು ನೋಡಿ ಗಾಬರಿ ಇನ್ನೂ ಹೆಚ್ಚುತ್ತದೆ. ಎರಡು ಸಲ ನೋಡಿ, ಬರೆದು, ಯಂತ್ರ ಒಳಗಿಡಿ. ತಲೆನೋವು ಬಂದಾಗಲೆಲ್ಲ ನೋಡುವುದೂ ಬೇಡ. ನೋವೇ ಸಂಖ್ಯೆಯನ್ನು ಏರಿಸುತ್ತದೆ, ಅದನ್ನು ನೋಡಿದವರು ಬಿ.ಪಿ.ಯಿಂದ ತಲೆನೋವು ಬಂತು ಎಂದುಕೊಳ್ಳುತ್ತಾರೆ. ಬಿ.ಪಿ. ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಹಾಗಾಗಿ "ನನಗೇನೂ ಆಗುತ್ತಿಲ್ಲ" ಎಂದು ಮಾತ್ರೆ ನಿಲ್ಲಿಸುವುದು ಇದಕ್ಕಿಂತಲೂ ಅಪಾಯ. ಒಮ್ಮೆ ಹತೋಟಿಗೆ ಬಂದ ಮೇಲೆ ದಿನವೂ ನೋಡಬೇಕಾಗಿಲ್ಲ. ವಾರಕ್ಕೆ ಒಂದೆರಡು ಸಲ, ತಪಾಸಣೆಗೆ ಮುಂಚೆ ಪೂರ್ತಿ ಒಂದು ವಾರ. ಮಾತ್ರೆ ಬದಲಾದರೆ, ಅದರ ಪರಿಣಾಮ ಕಾಣಲು ಕೆಲವು ವಾರ ಕಾಲಾವಕಾಶ ಕೊಟ್ಟು ಮತ್ತೆ ಒಂದು ವಾರದ ಲೆಕ್ಕ.

ಸರಾಸರಿಗೆ ಕಾಯದೆ ತಿಳಿಸಬೇಕಾದ ಸಂದರ್ಭಗಳೂ ಇವೆ. ಮೇಲಿನದು 180 ದಾಟಿದರೆ ಅಥವಾ ಕೆಳಗಿನದು 120 ದಾಟಿದರೆ ಐದು ನಿಮಿಷ ಸುಮ್ಮನೆ ಕೂತು ಮತ್ತೊಮ್ಮೆ ನೋಡಿ. ಎದೆನೋವು, ಉಸಿರುಕಟ್ಟುವುದು, ಮುಖ ಓರೆಯಾಗುವುದು, ಒಂದು ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದಿದ್ದರೂ ಮತ್ತೆ ನೋಡುತ್ತ ಕೂರದೆ ಆಂಬ್ಯುಲೆನ್ಸ್ ಕರೆಯಿರಿ. ಈ ಲಕ್ಷಣಗಳಿದ್ದರೆ ಸಂಖ್ಯೆ ಅಷ್ಟು ಹೆಚ್ಚಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಲಕ್ಷಣ ಏನೂ ಇಲ್ಲದೆ ಎರಡನೆಯ ಸಲವೂ ಅಷ್ಟೇ ಇದ್ದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ. ನೀವಾಗಿಯೇ ಎರಡು ಮಾತ್ರೆ ನುಂಗಬೇಡಿ, ಬೇರೆಯವರ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಳ್ಳಬೇಡಿ. ಬಿ.ಪಿ. ದಿಢೀರನೆ ಕುಸಿದರೆ ಮೆದುಳಿಗೂ ಹೃದಯಕ್ಕೂ ರಕ್ತ ಸಾಲದೆ ಹೋಗುತ್ತದೆ. ಗರ್ಭಿಣಿಯರ ಲೆಕ್ಕ ಬೇರೆ, ಅವರಿಗೆ 140/90 ಬಂದರೇ ತಡಮಾಡದೆ ತಿಳಿಸಬೇಕು, 160/110 ತುರ್ತು ಸ್ಥಿತಿ.

ತೀರ ಕಡಿಮೆಯಾಗುವುದನ್ನೂ ತಿಳಿಸಬೇಕು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದರೆ ಕೂತಾಗ ಒಮ್ಮೆ, ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಒಮ್ಮೊಮ್ಮೆ ನೋಡಿ. ಮೇಲಿನದು 20, ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಿ. ವಾಂತಿ, ಭೇದಿ ಹಿಡಿದ ದಿನಗಳಲ್ಲಿ ಕೆಲವು ಬಿ.ಪಿ. ಮಾತ್ರೆಗಳು ಮೂತ್ರಪಿಂಡಕ್ಕೆ ತೊಂದರೆ ಕೊಡಬಹುದು. ಆಗ ಮಾತ್ರೆ ಮುಂದುವರಿಸಬೇಕೇ ಎಂದು ಕೇಳಿ ತಿಳಿದುಕೊಳ್ಳಿ.

ನೀವು ಈವರೆಗೆ ಬರೆದ ಪುಟಗಳನ್ನು ಹರಿಯಬೇಡಿ. "ಕಡಿಮೆ ಬಂದದ್ದನ್ನು ಮಾತ್ರ ಬರೆದಿದ್ದೇನೆ" ಎಂದು ಮೇಲೆ ಒಂದು ಸಾಲು ಬರೆದು ಹಾಗೆಯೇ ಒಯ್ಯಿರಿ, ಯಂತ್ರವನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಬಿಟ್ಟ ಸಂಖ್ಯೆಗಳು ಬಹುಶಃ ಅದರ ಮೆಮೊರಿಯಲ್ಲಿ ಇನ್ನೂ ಇರುತ್ತವೆ. ನಾಳೆ ತೋಳಿನ ಸುತ್ತಳತೆ ನೋಡಿ. ಪಟ್ಟಿ ಸರಿಯಿದ್ದರೆ ನಾಡಿದ್ದಿನಿಂದಲೇ ಏಳು ದಿನಗಳ ಲೆಕ್ಕ ಶುರುಮಾಡಿ, ಆ ಸರಾಸರಿ 135/85ಕ್ಕಿಂತ ಮೇಲೆಯೇ ನಿಂತರೆ ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಡಾಕ್ಟರನ್ನು ಕಾಣಿ.